ಬಾಗಿಲ ಹಿಂದಿನ ತಗಡು: ಅಮೆರಿಕದ ಮಸಲ್ ಕಾರುಗಳ ತಲೆಮಾರುಗಳನ್ನು ನೋಡುವ ಬಗೆ

(ಮಿಷಿಗನ್‌ನಲ್ಲಿ ಕನ್ನಡದ ಗೆಳೆಯರು ಸೇರಿದ್ದ ಒಂದು ಶನಿವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಅವತ್ತು ಪರದೆ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವುಗಳ ಜಾಗದಲ್ಲಿ ಒಂದೆರಡು ವಾಕ್ಯ ಜಾಸ್ತಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಾಫಿ ಇನ್ನೂ ಬಿಸಿ ಇದೆ, ಕುಡಿಯುತ್ತಲೇ ಕೇಳಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಕಾರು ಡಿಸೈನರ್ ಅಲ್ಲ. ನನ್ನ ಕೆಲಸ ಪ್ರೆಸ್ ಶಾಪ್‌ನಲ್ಲಿ, ಅಂದರೆ ತಗಡು ಒತ್ತಿ ಕಾರಿನ ಮೈ ಮಾಡುವ ಜಾಗದಲ್ಲಿ. ಡಿಸೈನರ್ ಚಂದವಾಗಿ ಎಳೆದ ಗೆರೆಯನ್ನು ತಗಡಿನ ಮೇಲೆ ಮೂಡಿಸಬೇಕಲ್ಲ, ಅದಕ್ಕೆ ಬೇಕಾದ ಡೈ, ಅಂದರೆ ತಗಡು ಒತ್ತುವ ಅಚ್ಚು, ಮಾಡುವ ಗುಂಪಿನವನು ನಾನು. ಅವರು ಗೆರೆ ಎಳೆದು ಊಟಕ್ಕೆ ಹೋಗುತ್ತಾರೆ. ನಾವು ಆರು ತಿಂಗಳು ಒದ್ದಾಡುತ್ತೇವೆ. ಹಾಗಾಗಿ ನನ್ನ ದೃಷ್ಟಿ ಸ್ವಲ್ಪ ಬೇರೆ. ಎಲ್ಲರೂ ಕಾರಿನ ಮುಖ ನೋಡಿದರೆ ನಾನು ಬಾಗಿಲ ಹಿಂದೆ ನೋಡುತ್ತೇನೆ.

ಆಗಸ್ಟ್ ತಿಂಗಳ ಮೂರನೇ ಶನಿವಾರ ನಿಮ್ಮಲ್ಲಿ ಬಹಳ ಜನ ಡೆಟ್ರಾಯಿಟ್ ಕಡೆಯ ವುಡ್‌ವರ್ಡ್ ಅವೆನ್ಯೂ ರಸ್ತೆಗೆ ಹೋಗುತ್ತೀರಿ ಅಲ್ವಾ? 1995ರಲ್ಲಿ ಶುರುವಾದ ಡ್ರೀಮ್ ಕ್ರೂಸ್ ಅನ್ನುವ ಹಳೆ ಕಾರುಗಳ ಮೆರವಣಿಗೆಯ ದಿನ. ಕುರ್ಚಿ, ಛತ್ರಿ, ಒಂದು ಡಬ್ಬಿ ಚಿತ್ರಾನ್ನ. ಹಳೆ ಕಾರುಗಳು ಗುಡುಗುತ್ತಾ ಹೋಗುತ್ತಿರುತ್ತವೆ. ಪಕ್ಕದಲ್ಲಿ ಕೂತ ಮಗು ಕೇಳುತ್ತದೆ, "ಅಪ್ಪಾ, ಇದು ಯಾವ ವರ್ಷದ್ದು?" ಅಪ್ಪ ಹೆಡ್‌ಲೈಟ್ ನೋಡುತ್ತಾನೆ, ಗ್ರಿಲ್ ನೋಡುತ್ತಾನೆ, ಏನೋ ಒಂದು ವರ್ಷ ಹೇಳುತ್ತಾನೆ. ಹಿಂದೆ ಕೂತ ಬಿಳಿ ಗಡ್ಡದ ಅಜ್ಜ ನಗುತ್ತಾನೆ. ಆ ಅಜ್ಜನ ನಗು ತಪ್ಪಿಸುವುದಕ್ಕೇ ಇವತ್ತಿನ ಮಾತು.

ವಿಷಯ ಇಷ್ಟೇ. ಗ್ರಿಲ್, ಬಂಪರ್, ಟೈಲ್ ಲೈಟ್ ಇವೆಲ್ಲ ಬೋಲ್ಟ್ ಬಿಚ್ಚಿ ಬದಲಿಸುವ ಸಾಮಾನು. ಪ್ರತಿ ವರ್ಷ ಬದಲಿಸಿದರೂ ಕಂಪನಿಗೆ ಅಷ್ಟೇನೂ ಖರ್ಚಿಲ್ಲ. ಅರವತ್ತರ ದಶಕದ ಅಮೆರಿಕದಲ್ಲಿ ಪ್ರತಿ ಶರತ್ಕಾಲಕ್ಕೂ "ಹೊಸ ಮಾಡೆಲ್" ಬರಲೇಬೇಕಿತ್ತು. ಹಾಗಾಗಿ ಮುಖ ಪ್ರತಿ ವರ್ಷ ಬದಲಾಗುತ್ತಿತ್ತು. ಆದರೆ ಬಾಗಿಲ ಹಿಂದಿನಿಂದ ಟೈಲ್ ಲೈಟ್‌ವರೆಗೆ ಒಂದೇ ತುಂಡಾಗಿ ಹೋಗುವ ದೊಡ್ಡ ತಗಡು ಇದೆಯಲ್ಲ, ಅದಕ್ಕೆ ಕ್ವಾರ್ಟರ್ ಪ್ಯಾನೆಲ್ ಅನ್ನುತ್ತೇವೆ. ಅದು, ಅದರ ಮೇಲೆ ಬಂದು ಕೂರುವ ಸೂರು, ಇವೆರಡರ ಡೈ ಮಾಡಿಸುವುದು ಬಹಳ ದುಬಾರಿ. ಅದನ್ನು ಸುಮ್ನೆ ಸುಮ್ನೆ ಮುಟ್ಟುವುದಿಲ್ಲ. ಅದು ಬದಲಾಯಿತು ಅಂದರೆ ತಲೆಮಾರು ಬದಲಾಯಿತು ಅಂತ ಲೆಕ್ಕ. ಇದಕ್ಕೆ ತಪ್ಪಿ ನಡೆದವರೂ ಇದ್ದಾರೆ, ಆಮೇಲೆ ಬರುತ್ತೇನೆ.

ಇದು ಯಾಕೆ ಅಷ್ಟು ಕಷ್ಟ? ಹೋಳಿಗೆ ತಟ್ಟುವಾಗ ನೋಡಿದ್ದೀರಲ್ಲ. ಕಣಕ ಒಂದೇ ಕಡೆ ಜಾಸ್ತಿ ಎಳೆದುಕೊಂಡರೆ ಹರಿದು ಹೂರಣ ಹೊರಗೆ ಬರುತ್ತದೆ. ಎಳೆಯದೆ ಬಿಟ್ಟರೆ ಅಂಚಿನಲ್ಲಿ ಮಡಿಕೆ ಬೀಳುತ್ತದೆ. ತಗಡೂ ಹಾಗೇ. ಅಂಚನ್ನು ಬಿಗಿ ಹಿಡಿದು ನಡುವೆ ಒತ್ತಬೇಕು. ಗೆರೆ ಚೂಪಾದಷ್ಟೂ, ಉಬ್ಬು ಆಳವಾದಷ್ಟೂ ತಗಡು ತೆಳ್ಳಗಾಗುತ್ತದೆ, ಕೊನೆಗೆ ಹರಿಯುತ್ತದೆ. ಮಸಲ್ ಕಾರುಗಳ ಚಂದವೆಲ್ಲ ಇರುವುದು ಈ ಉಬ್ಬಿನಲ್ಲೇ.

ಒಂದು ಜಗಳವನ್ನು ಇಲ್ಲೇ ಬದಿಗಿಡೋಣ. ಫೋರ್ಡ್‌ನ ಮಸ್ಟ್ಯಾಂಗ್, ಜನರಲ್ ಮೋಟರ್ಸ್‌ನ ಶೆವರ್ಲೆ ಕಮಾರೋ ಇವು ಮಸಲ್ ಕಾರುಗಳಲ್ಲ, ಪೋನಿ ಕಾರುಗಳು ಅನ್ನುವ ಮಡಿವಂತರಿದ್ದಾರೆ. ಅವರ ಪ್ರಕಾರ ಮಧ್ಯಮ ಗಾತ್ರದ ಕಾರಿಗೆ ಎಂಟು ಸಿಲಿಂಡರಿನ ದೊಡ್ಡ ವಿ8 ಎಂಜಿನ್ ಹಾಕಿದರೆ ಮಾತ್ರ ಮಸಲ್ ಕಾರು. ಅವರು ಹೇಳುವುದು ಸರಿಯೇ. ಆದರೆ ಇವತ್ತು ನಾವು ಎಂಜಿನ್ ನೋಡುತ್ತಿಲ್ಲ, ತಗಡು ನೋಡುತ್ತಿದ್ದೇವೆ.

ಮಧ್ಯಮ ಗಾತ್ರದಿಂದಲೇ ಶುರು ಮಾಡೋಣ. 1964ರ ಪಾಂಟಿಯಾಕ್ ಜಿಟಿಓ. ಈ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಪಾಂಟಿಯಾಕ್‌ನ ಒಡೆಯರಾದ ಜನರಲ್ ಮೋಟರ್ಸ್‌ನಲ್ಲಿ ಒಳಗಿನ ನಿಯಮವಿತ್ತು. ಪಾಂಟಿಯಾಕ್‌ನ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವನ ಗುಂಪು 389ರ ಎಂಜಿನ್ನನ್ನು ಟೆಂಪೆಸ್ಟ್ ಕಾರಿಗೆ "ಆಪ್ಷನ್" ಅಂತ ಸೇರಿಸಿ ನಿಯಮದ ಪಕ್ಕದಲ್ಲೇ ನುಸುಳಿತು. ಎಂಜಿನ್ ಹುಲಿ. ಮೈ? ಒಂದು ಚೊಕ್ಕ ಪೆಟ್ಟಿಗೆ. ಬಾಗಿಲ ಹಿಂದೆ ನೋಡಿ, ನೇರ ಗೆರೆ, ಚಪ್ಪಟೆ ತಗಡು. ಗುಮಾಸ್ತನೊಬ್ಬ ಸಂಜೆ ಕುಸ್ತಿ ಅಖಾಡಕ್ಕೆ ಹೋದ ಹಾಗೆ. 1965ಕ್ಕೆ ಹೆಡ್‌ಲೈಟ್‌ಗಳನ್ನು ಒಂದರ ಮೇಲೊಂದು ನಿಲ್ಲಿಸಿದರು, ಮುಖ ಗಂಭೀರವಾಯಿತು. ಆದರೆ ಪೆಟ್ಟಿಗೆ ಪೆಟ್ಟಿಗೆಯೇ. ಸೊಂಟ ಬಂದದ್ದು 1966ರಲ್ಲಿ.

ಆ ಸೊಂಟಕ್ಕೆ ಇಲ್ಲಿನವರ ಹೆಸರು ಕೋಕ್ ಬಾಟಲ್. ಬಾಗಿಲ ಹತ್ತಿರ ಸಣ್ಣಗಾಗಿ, ಹಿಂದಿನ ಚಕ್ರದ ಮೇಲೆ ಮತ್ತೆ ಉಬ್ಬುವ ಆಕಾರ. ಬಾಟಲಿ ಹುಟ್ಟಿದ್ದು 1915ರಲ್ಲಿ, ಇಂಡಿಯಾನಾದ ಟೆರ್ರೆ ಹೋಟ್ ಊರಿನ ಗಾಜಿನ ಕಾರ್ಖಾನೆಯಲ್ಲಿ. ಕಾರಿಗೆ ಆ ಆಕಾರ ಬರಲು ಅರ್ಧ ಶತಮಾನ ಹಿಡಿಯಿತು. 1962ರ ಹೊತ್ತಿಗೆ ಸ್ಟೂಡಿಬೇಕರ್ ಅವಾಂಟಿಯಲ್ಲಿ ಅದರ ಸುಳಿವು ಕಾಣಿಸಿತು. ಅದಕ್ಕೂ ಮೊದಲೇ ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಗಳ ನಡುವನ್ನು ಎಂಜಿನಿಯರುಗಳು ಸಣ್ಣ ಮಾಡಿದ್ದರು. ಅಲ್ಲಿ ಅದು ಗಾಳಿಯ ಲೆಕ್ಕ. ಕಾರಿನಲ್ಲಿ ಲೆಕ್ಕ ಗಿಕ್ಕ ಏನಿಲ್ಲ, ನೋಡೋಕೆ ಚಂದ ಅಷ್ಟೇ. ನಿಂತ ಕಾರೂ ಮುಂದಕ್ಕೆ ನೆಗೆಯುವ ಹಾಗೆ ಕಾಣುತ್ತದೆ. ಶಕ್ತಿ ಹಿಂದಿನ ಚಕ್ರಕ್ಕೆ ಹೋಗುವ ಕಾರು ಇದು. ಉಬ್ಬು ಇರಬೇಕಾದದ್ದೂ ಅಲ್ಲೇ. ಓಡುವ ಕುದುರೆಯ ತೊಡೆ ನೋಡಿ, ಗೊತ್ತಾಗುತ್ತದೆ.

ಈಗ ಈ ಸಂಜೆಯ ನಾಯಕನ ಹತ್ತಿರ ಬರುತ್ತೇನೆ. ಡಾಜ್ ಚಾರ್ಜರ್.

ಪರದೆಯ ಎಡಗಡೆ 1966ರ ಚಾರ್ಜರ್, ಬಲಗಡೆ 1968ರದ್ದು. ಎರಡಕ್ಕೂ ಒಂದೇ ಹೆಸರು, ಮುಂದಿನ ಹಿಂದಿನ ಚಕ್ರದ ನಡುವೆ ಅದೇ 117 ಇಂಚು. ಆದರೆ ಒಂದೇ ಮನೆಯ ಮಕ್ಕಳು ಅಂದರೆ ಯಾರೂ ನಂಬುವುದಿಲ್ಲ. 1966ರದ್ದರ ಸೂರು ಮುಂದಿನ ಗಾಜಿನಿಂದ ಹೊರಟು ಡಿಕ್ಕಿಯ ತುದಿಯವರೆಗೆ ಒಂದೇ ಜಾರುಬಂಡೆ. ಒಳಗೆ ನಾಲ್ಕು ಬಿಡಿ ಸೀಟು, ಹಸಿರು ನೀಲಿಯಾಗಿ ಹೊಳೆಯುವ ಮೀಟರುಗಳು, ಹಿಂದೆ ಈ ತುದಿಯಿಂದ ಆ ತುದಿಗೆ ಒಂದೇ ಟೈಲ್ ಲೈಟ್. ಒಳಗೆ ಕೂತರೆ ನಿಜಕ್ಕೂ ಅರಮನೆ. ಹೊರಗೆ ನಿಂತು ನೋಡಿದರೆ ಮಾತ್ರ ಆ ಸೂರಿನ ಭಾರಕ್ಕೆ ಕಾರೇ ಕುಸಿದ ಹಾಗೆ. ಬಾಗಿಲ ಹಿಂದೆ ಅಷ್ಟಗಲ ಖಾಲಿ ತಗಡು, ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಮೊದಲ ವರ್ಷ 37 ಸಾವಿರ ಚಿಲ್ಲರೆ ಮಾರಾಟ, ಮರುವರ್ಷ 16 ಸಾವಿರವೂ ಇಲ್ಲ.

1968ರದ್ದಕ್ಕೆ ಬನ್ನಿ. ಇದರ ಮೂಲ ಆಕಾರ ರಿಚರ್ಡ್ ಸಿಯಾಸ್ ಅನ್ನುವ ಡಾಜ್ ಡಿಸೈನರನದ್ದು. ಅವನು ಮಾಡಿದ್ದನ್ನು ಹೀಗೆ ಹೇಳಬಹುದು: ಉದ್ದನೆಯ ಎರಡು ವಜ್ರಾಕಾರ ತೆಗೆದುಕೊಂಡ. ಒಂದರ ಉಬ್ಬು ಮುಂದಿನ ಚಕ್ರದ ಮೇಲೆ ಬರುವಂತೆ, ಇನ್ನೊಂದರ ಉಬ್ಬು ಹಿಂದಿನ ಚಕ್ರದ ಮೇಲೆ ಬರುವಂತೆ ಇಟ್ಟ. ಎರಡರ ಚೂಪು ತುದಿಗಳು ಬಾಗಿಲಲ್ಲಿ ಬಂದು ಸೇರುತ್ತವೆ. ಅದಕ್ಕೇ ಬಾಗಿಲ ಹತ್ತಿರ ತಗಡು ಒಳಗೆ ಹೋಗುತ್ತದೆ. ಬಾಗಿಲಿನ ಮುಂದಿನ ಭಾಗದಲ್ಲಿ ಎರಡು ಸಣ್ಣ ತಗ್ಗುಗಳಿವೆ ನೋಡಿ, ಯಾರೋ ಜೇಡಿಮಣ್ಣಿನಲ್ಲಿ ಎರಡು ಬೆರಳು ಎಳೆದ ಹಾಗೆ. ಜೇಡಿಮಣ್ಣು ಅಂದದ್ದು ಸುಮ್ನೆ ಅಲ್ಲ. ಆಗ ಪ್ರತಿ ಕಾರನ್ನೂ ಮೊದಲು ಪೂರ್ತಿ ಗಾತ್ರದಲ್ಲಿ ಮಣ್ಣಿನಲ್ಲೇ ಮಾಡಿ ನೋಡುತ್ತಿದ್ದರು. ಕಾಗದದ ಮೇಲೆ ಹೊಳೆಯದ ಉಬ್ಬು ಕೈಗೆ ಹೊಳೆಯುತ್ತದೆ.

ಸೂರು ಬಂದು ಸೇರುವ ಜಾಗ ಇನ್ನೂ ಚಂದ. ಹಿಂದಿನ ಗಾಜು ಒಳಗೆ ಸರಿದು ನೆಟ್ಟಗೆ ನಿಂತಿದೆ. ಎರಡು ಪಕ್ಕದ ಕಂಬಗಳು ಮಾತ್ರ ಡಿಕ್ಕಿಯ ಕಡೆಗೆ ಇಳಿಜಾರಾಗಿ ಇಳಿಯುತ್ತವೆ. ಪಕ್ಕದಿಂದ ನೋಡಿದರೆ ಜಾರುಬಂಡೆ, ಹಿಂದಿನಿಂದ ನೋಡಿದರೆ ಗುಹೆ. 1966ರ ಕಾರಿನ ಸೂರಿನಲ್ಲಿದ್ದ ಆಸೆಯೇ ಇದು, ಆದರೆ ಭಾರ ಇಲ್ಲ. ಆ ವರ್ಷ 96 ಸಾವಿರದಷ್ಟು ಕಾರು ಹೋದವು. ಹೆಸರು ಅದೇ, ಅಂಗಡಿ ಅದೇ, ಎಂಜಿನ್ನೂ ಹೆಚ್ಚು ಕಡಿಮೆ ಅವೇ. ಬದಲಾದದ್ದು ತಗಡು.

ಈಗ ನನ್ನ ನಿಯಮವನ್ನು ಪರೀಕ್ಷೆ ಮಾಡಿ. 1968, 1969, 1970, ಮೂರೂ ಚಾರ್ಜರ್ ಪಕ್ಕಪಕ್ಕ ಇಟ್ಟಿದ್ದೇನೆ. 1968ರಲ್ಲಿ ಗ್ರಿಲ್ ಒಂದೇ ಬಾಯಿ, ಹಿಂದೆ ದುಂಡು ದೀಪಗಳು. 1969ರಲ್ಲಿ ಗ್ರಿಲ್ ನಡುವೆ ಒಂದು ಗೋಡೆ, ಹಿಂದೆ ಉದ್ದ ದೀಪ. 1970ರಲ್ಲಿ ಗ್ರಿಲ್ ಸುತ್ತ ಕ್ರೋಮ್ ಬಂಪರಿನ ಚೌಕಟ್ಟು. ಮುಖ ಮೂರು ಸಲ ಬದಲಾಯಿತು. ಬಾಗಿಲ ಹಿಂದಿನ ಉಬ್ಬು? ಕೈ ಇಟ್ಟು ನೋಡಿ, ಅದೇ. ಇದು ಒಂದೇ ತಲೆಮಾರು.

ಈ ಚಂದದ ಗುಹೆಗೆ ಒಂದು ಬೆಲೆಯೂ ಇತ್ತು. ನ್ಯಾಸ್ಕಾರ್ ರೇಸಿನ ಟ್ರ್ಯಾಕಿಗೆ ಇಳಿದಾಗ ಒಳಗೆ ಸರಿದ ಆ ಗಾಜಿನ ಹತ್ತಿರ ಗಾಳಿ ಸುಳಿಯಾಗಿ ತಿರುಗಿ ಕಾರಿನ ಹಿಂಭಾಗವನ್ನು ಮೇಲೆತ್ತುತ್ತಿತ್ತು. ಮುಂದಿನ ಆಳದ ಗ್ರಿಲ್ ಗಾಳಿಯನ್ನು ಬುಟ್ಟಿಯ ಹಾಗೆ ಹಿಡಿಯುತ್ತಿತ್ತು. ಹಾಗಾಗಿ ಮೊದಲು ಚಾರ್ಜರ್ 500 ಅಂತ ಮಾಡಿದರು. ಗಾಜನ್ನು ಕಂಬದ ಸಮಕ್ಕೆ ತಂದರು, ಡಾಜ್‌ನದ್ದೇ ಇನ್ನೊಂದು ಕಾರಾದ ಕಾರೊನೆಟ್‌ನ ಗ್ರಿಲ್ ತಂದು ಮುಂದೆ ಸಮವಾಗಿ ಕೂರಿಸಿದರು. ಅದೂ ಸಾಲದೆ 1969ರಲ್ಲೇ ಚಾರ್ಜರ್ ಡೇಟೋನಾ ಬಂತು: ಮುಂದೆ ಚೂಪು ಮೂಗು, ಹಿಂದೆ 23 ಇಂಚು ಎತ್ತರದ ರೆಕ್ಕೆ. 1970ರ ಮಾರ್ಚ್ 24ರಂದು ಟಲ್ಲಡೇಗಾ ರೇಸ್ ಟ್ರ್ಯಾಕಿನಲ್ಲಿ ರೇಸ್ ಚಾಲಕ ಬಡ್ಡಿ ಬೇಕರ್ ಅದರಲ್ಲಿ ಗಂಟೆಗೆ 200 ಮೈಲು ದಾಟಿದ. ಇವತ್ತು ಕೋಟಿಗಟ್ಟಲೆ ಕೊಟ್ಟು ಅದನ್ನು ಕೊಳ್ಳುವವರಿದ್ದಾರೆ. ನನ್ನ ಕಣ್ಣಿಗೆ ಮಾತ್ರ ಅದು ಚಂದದ ಹುಡುಗನಿಗೆ ನಾಟಕದ ಮೂಗು ಅಂಟಿಸಿದ ಹಾಗೆ. ಬೈಯಬೇಡಿ.

1971ರಲ್ಲಿ ಮೂರನೇ ತಲೆಮಾರು. ಚಕ್ರದ ನಡುವಿನ ದೂರ 115 ಇಂಚಿಗೆ ಇಳಿಯಿತು. ಮೈ ದುಂಡಗಾಯಿತು, ವಿಮಾನದ ಹೊಟ್ಟೆಯ ಹಾಗೆ. ಕೆಟ್ಟದ್ದೇನಲ್ಲ, ನನಗೆ ಇಷ್ಟವೇ. ಆದರೆ ಸೊಂಟದ ಜಾಗದಲ್ಲಿ ಭುಜ ಬಂದಿತ್ತು. ಆಮೇಲೆ 1975ರ ಚಾರ್ಜರ್. ಅದು ಕ್ರೈಸ್ಲರ್ ಕಾರ್ಡೋಬಾದ ಅವಳಿ, ಮೆತ್ತನೆ ಸೀಟಿನ ಠೀವಿಯ ಕಾರು. ಅದರ ಬಗ್ಗೆ ಮಾತಾಡದಿದ್ದರೆ ಒಳ್ಳೆಯದು.

ಕಮಾರೋ ಕಥೆ ಹೇಳುವಾಗ ನಾನು ಸ್ವಲ್ಪ ಭಾವುಕನಾಗುತ್ತೇನೆ. ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.

ಮೊದಲನೆಯದು 1966ರ ಸೆಪ್ಟೆಂಬರಿನಲ್ಲಿ ಬಂತು, 1967ರ ಮಾಡೆಲ್ ಅಂತ. ಅವಸರದಲ್ಲಿ ಮಸ್ಟ್ಯಾಂಗ್‌ಗೆ ಕೊಟ್ಟ ಉತ್ತರ. ಬಾಗಿಲ ಹಿಂದೆ ಮೆಲ್ಲಗೆ ಏಳುವ ಒಂದು ಅಲೆ, ಅಷ್ಟೇ. ಸಭ್ಯ ಕಾರು. 1967 ಮತ್ತು 1968ರ ವ್ಯತ್ಯಾಸ ಬೇಕೆಂದರೆ ಒಂದು ಸಣ್ಣ ಗುರುತು: 1967ರದ್ದಕ್ಕೆ ಮುಂದಿನ ಕಿಟಕಿಯಲ್ಲಿ ಗಾಳಿಗೆ ತೆರೆಯುವ ಸಣ್ಣ ತ್ರಿಕೋನ ಗಾಜಿದೆ, 1968ರದ್ದಕ್ಕೆ ಇಲ್ಲ. ಅದರ ಬದಲು 1968ರದ್ದಕ್ಕೆ ಮೈ ಪಕ್ಕದಲ್ಲಿ ಪುಟ್ಟ ದೀಪಗಳಿವೆ, ಸರ್ಕಾರ ಕಡ್ಡಾಯ ಮಾಡಿದ್ದು. ಅಜ್ಜನ ಮುಂದೆ ಇದನ್ನು ಹೇಳಿ, ಕುರ್ಚಿ ಪಕ್ಕಕ್ಕೆ ಎಳೆದು ಕೂರಿಸಿಕೊಳ್ಳುತ್ತಾನೆ.

1969 ನನ್ನ ನಿಯಮ ಮುರಿದ ಕಾರು. ಸೂರು ಹಳೆಯದೇ, ಅಡಿಪಾಯ ಹಳೆಯದೇ, ತಲೆಮಾರೂ ಮೊದಲನೆಯದೇ. ಆದರೆ ಕ್ವಾರ್ಟರ್ ಪ್ಯಾನೆಲ್ ಪೂರ್ತಿ ಹೊಸದು. ಚಕ್ರದ ಕಮಾನಿನ ಮೇಲಿನಿಂದ ಒಂದು ಚೂಪು ಗೆರೆ ಹೊರಟು ಹಿಂದಕ್ಕೆ ಹರಿದು ಮಾಯವಾಗುತ್ತದೆ, ಮಳೆಯಲ್ಲಿ ಓಡುವ ಬೈಕಿನ ಚಕ್ರದಿಂದ ನೀರು ಹಾರಿದ ಹಾಗೆ. ಹಿಂದಿನ ಚಕ್ರದ ಮುಂದೆ ಮೀನಿನ ಕಿವಿರಿನಂತೆ ಮೂರು ಸೀಳು, ಸುಳ್ಳು ಸೀಳು. ಒಂದೇ ಒಂದು ವರ್ಷಕ್ಕೆ ಅಷ್ಟೂ ಡೈ ಮಾಡಿಸಿದರು. ಇವತ್ತು ಯಾವ ಕಂಪನಿಯ ಲೆಕ್ಕದವರೂ ಇದಕ್ಕೆ ಸಹಿ ಹಾಕುವುದಿಲ್ಲ.

ಎರಡನೇ ತಲೆಮಾರು 1969ರ ಶರತ್ಕಾಲದಲ್ಲಿ ಬರಬೇಕಿತ್ತು. ಬಂದದ್ದು 1970ರ ಫೆಬ್ರವರಿ 26ಕ್ಕೆ. ಯಾಕೆ ತಡ? ಕ್ವಾರ್ಟರ್ ಪ್ಯಾನೆಲ್‌ನ ಡೈ! ಒತ್ತಿದ ತಗಡು ಸರಿಯಾಗಿ ಬರಲಿಲ್ಲ. ತಿದ್ದಿದರು, ಆದರೂ ಬರಲಿಲ್ಲ, ಕೊನೆಗೆ ಹೊಸದಾಗಿಯೇ ಮಾಡಬೇಕಾಯಿತು. ಅದಕ್ಕೇ ಆ ಕಾರನ್ನು ಜನ "ಎಪ್ಪತ್ತೂವರೆ" ಮಾಡೆಲ್ ಅಂತ ಕರೆಯುತ್ತಾರೆ. ನಮ್ಮ ಪ್ರೆಸ್ ಶಾಪಿನವರಿಗೆ ಇದು ಪುರಾಣದ ಕಥೆ ಇದ್ದ ಹಾಗೆ. ಇಡೀ ಜನರಲ್ ಮೋಟರ್ಸ್ ಒಂದು ತಗಡಿಗಾಗಿ ಕಾದು ಕೂತಿತ್ತು.

ಕಾದದ್ದಕ್ಕೆ ಫಲ ಸಿಕ್ಕಿತು. ಆಗ ಅಲ್ಲಿನ ಸ್ಟೈಲಿಂಗ್ ಮುಖ್ಯಸ್ಥ ಬಿಲ್ ಮಿಚೆಲ್. ಈ ಕಾರಿನಲ್ಲಿ ಯುರೋಪಿನ ಗಾಳಿ ಎದ್ದು ಕಾಣುತ್ತದೆ. ಹಿಂದಿನ ಸೀಟಿನವರಿಗೆ ಇದ್ದ ಪಕ್ಕದ ಸಣ್ಣ ಕಿಟಕಿಯನ್ನೇ ತೆಗೆದುಹಾಕಿದರು. ಬಾಗಿಲು ಉದ್ದವಾಯಿತು, ಅದರ ಗಾಜು ಮುಗಿದ ಕಡೆಯೇ ಸೂರಿನ ಕಂಬ ಶುರು. ಗೆರೆಗಳ ಗಲಾಟೆ ಇಲ್ಲ. ಬೆಳಕು ಬಿದ್ದರೆ ಮಾತ್ರ ಉಬ್ಬು ಕಾಣುತ್ತದೆ. ಹಿಂದೆ ಶೆವರ್ಲೆಯ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನ ಹಾಗೆ ದುಂಡು ದೀಪಗಳು. 1969ರ ಕಾರು ಜಾತ್ರೆಯ ಪೈಲ್ವಾನ್, ಇದು ಈಜುಗಾರ. ನಾನು ಯಾರ ಪಕ್ಷ ಅಂತ ಕೇಳಲೇಬೇಡಿ.

ಆದರೆ ಇದರ ಗ್ರಹಚಾರ ನೋಡಿ. 1972ರಲ್ಲಿ ಒಹಾಯೋದ ನಾರ್ವುಡ್ ಕಾರ್ಖಾನೆಯಲ್ಲಿ ಸುಮಾರು ಆರು ತಿಂಗಳು ಮುಷ್ಕರ. ಅರ್ಧಕ್ಕೆ ನಿಂತ ಸುಮಾರು 1,100 ಕಮಾರೋ ಮತ್ತು ಅದರ ಸೋದರ ಪಾಂಟಿಯಾಕ್ ಫೈರ್‌ಬರ್ಡ್‌ಗಳು ಅಲ್ಲೇ ಉಳಿದವು. ಅಷ್ಟರಲ್ಲಿ 1973ರ ಹೊಸ ಬಂಪರ್ ನಿಯಮ ಬಂತು. ಗಂಟೆಗೆ 5 ಮೈಲು ವೇಗದಲ್ಲಿ ಮುಂದೆ ಗುದ್ದಿದರೂ ದೀಪ ಗೀಪ ಹಾಳಾಗಬಾರದು ಅಂತ. ಆ ಕಾರುಗಳು ನಿಯಮಕ್ಕೆ ಹೊಂದಲಿಲ್ಲ, ಗುಜರಿಗೆ ಹೋದವು. 1974ಕ್ಕೆ ಹಿಂದಿನ ಬಂಪರಿಗೂ ಅದೇ ನಿಯಮ. ಈಜುಗಾರನ ಮುಂದೆ ಹಿಂದೆ ದಪ್ಪ ಅಲ್ಯೂಮಿನಿಯಂ ಪಟ್ಟಿ ಕಟ್ಟಿದರು. ಆಶ್ಚರ್ಯ ಅಂದರೆ ಇದೇ ತಗಡು 1981ರವರೆಗೆ ಓಡಿತು. ಎಂಜಿನ್ ಸೊರಗಿದ ಕಾಲದಲ್ಲೂ, 1979ರಲ್ಲಿ 2 ಲಕ್ಷ 80 ಸಾವಿರಕ್ಕೂ ಜಾಸ್ತಿ ಮಾರಾಟವಾಯಿತು. ಒಳ್ಳೆಯ ಡೈ ಹಾಕಿದ ಬಂಡವಾಳವನ್ನು ಹೀಗೆ ವಾಪಸ್ ಕೊಡುತ್ತದೆ.

ಮಸ್ಟ್ಯಾಂಗ್ ಬಗ್ಗೆ ನಿಮಗೆಲ್ಲ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. 1964ರ ಏಪ್ರಿಲ್ 17, ನ್ಯೂಯಾರ್ಕಿನ ವಿಶ್ವ ಮೇಳ. ಫಾಲ್ಕನ್ ಅನ್ನುವ ಸಾಧು ಕಾರಿನ ಅಡಿಪಾಯ, ಮೇಲೆ ಉದ್ದ ಬಾನೆಟ್, ಗಿಡ್ಡ ಡಿಕ್ಕಿ. ಎರಡು ವರ್ಷದೊಳಗೆ ಹತ್ತು ಲಕ್ಷ ಕಾರು. ಮೊದಲ ನಂಬರಿನ ಮಸ್ಟ್ಯಾಂಗ್ ಕೆನಡಾದ ವಿಮಾನ ಪೈಲಟ್ ಸ್ಟ್ಯಾನ್ಲಿ ಟಕ್ಕರ್ ಕೈಗೆ ಹೋಗಿಬಿಟ್ಟಿತ್ತು. ಫೋರ್ಡ್‌ನವರು ಆಮೇಲೆ ಹೊಸ ಮಸ್ಟ್ಯಾಂಗ್ ಒಂದನ್ನು ಅವನಿಗೆ ಕೊಟ್ಟು ಅದನ್ನು ವಾಪಸ್ ಪಡೆದರು. ಈಗ ಇಲ್ಲೇ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ. ಮುಂದಿನ ಸಲ ಹೋದಾಗ ಅದರ ಬಾಗಿಲಿನಿಂದ ಹಿಂದಕ್ಕೆ ಹೋಗುವ ತಗ್ಗು ನೋಡಿ. ಹಿಂದಿನ ಚಕ್ರದ ಮುಂದೆ ಬಂದು ಗಾಳಿಗೂಡಿನಂತೆ ಮುಗಿಯುತ್ತದೆ. ಗಾಳಿ ಒಳಗೆ ಹೋಗುವುದಿಲ್ಲ, ಬರೀ ವೇಷ.

ಈ ಸುಳ್ಳು ಗಾಳಿಗೂಡಿನ ಹಿಂದೆ ಹೋದರೆ ಮಸ್ಟ್ಯಾಂಗ್ ಚರಿತ್ರೆ ಪೂರ್ತಿ ಸಿಗುತ್ತದೆ. 1967ರಲ್ಲಿ ದೊಡ್ಡ ಎಂಜಿನ್ ಹಿಡಿಸಲು ಮೈ ದಪ್ಪವಾಯಿತು, ಗಾಳಿಗೂಡು ಎರಡಾಯಿತು, ಫಾಸ್ಟ್‌ಬ್ಯಾಕ್ ಅನ್ನುವ ಜಾರುಬಂಡೆಯಂಥ ಸೂರು ಹಿಂದಿನ ತುದಿಯವರೆಗೆ ಇಳಿಯಿತು. 1969ರಲ್ಲಿ ಗೂಡು ಮೇಲೆ ಹತ್ತಿ ಭುಜಕ್ಕೆ ಬಂತು. ಅದೇ ಹೊತ್ತಿಗೆ ಜನರಲ್ ಮೋಟರ್ಸ್‌ನಿಂದ ಫೋರ್ಡ್‌ಗೆ ಬಂದಿದ್ದ ಡಿಸೈನರ್ ಲ್ಯಾರಿ ಶಿನೋಡಾ, ಬಾಸ್ 302 ಅನ್ನುವ ಮಸ್ಟ್ಯಾಂಗ್ ಮಾಡುವಾಗ ಆ ಗೂಡನ್ನೇ ಕಿತ್ತುಹಾಕಿಸಿದ. ತಗಡು ಬರಿದಾಯಿತು. ಆ ಬರಿದೇ ಚಂದ! ಮಸ್ಟ್ಯಾಂಗ್‌ಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆ ಅದೇ.

1971ರದ್ದು ಬಂದಾಗ 1964ರ ಮೊಟ್ಟಮೊದಲ ಮಸ್ಟ್ಯಾಂಗ್‌ಗಿಂತ ಸುಮಾರು 8 ಇಂಚು ಉದ್ದವಾಗಿತ್ತು. ಹಿಂದಿನ ಗಾಜು ಎಷ್ಟು ಮಲಗಿತ್ತೆಂದರೆ ಅದರ ಮೇಲೆ ಹಪ್ಪಳ ಒಣಗಿಸಬಹುದಿತ್ತು. ಮೂರೇ ವರ್ಷಕ್ಕೆ ಅದರ ಜಾಗಕ್ಕೆ ಮಸ್ಟ್ಯಾಂಗ್ 2 ಬಂತು. ಪಿಂಟೋ ಅನ್ನುವ ಪುಟ್ಟ ಕಾರಿನ ಬಂಧು, 1974ರಲ್ಲಿ ವಿ8 ಕೂಡ ಇರಲಿಲ್ಲ. ಎಲ್ಲರೂ ನಗುತ್ತಾರೆ. ಆದರೆ 1973ರ ಅಕ್ಟೋಬರಿನಲ್ಲಿ ತೈಲದ ದಿಗ್ಬಂಧನ ಬಂದಿತ್ತು, ಪೆಟ್ರೋಲಿಗೆ ಜನ ಕ್ಯೂ ನಿಂತಿದ್ದರು. 1974ರ ಮಾಡೆಲ್ 3 ಲಕ್ಷ 80 ಸಾವಿರಕ್ಕೂ ಹೆಚ್ಚು ಮಾರಾಟವಾಯಿತು. ನಗುವ ಮೊದಲು ಅದನ್ನೂ ಯೋಚಿಸಬೇಕು. ಇನ್ನೊಂದು ವಿಚಿತ್ರ. 1964ರಿಂದ 1973ರವರೆಗಿನ ಅಷ್ಟೂ ಮಸ್ಟ್ಯಾಂಗ್‌ಗಳನ್ನು ಸಾಮಾನ್ಯವಾಗಿ ಒಂದೇ ತಲೆಮಾರು ಅಂತ ಎಣಿಸುತ್ತಾರೆ. ನನ್ನ ಲೆಕ್ಕದಲ್ಲಿ ನಾಲ್ಕು. ತಗಡು ಯಾರ ಮಾತೂ ಕೇಳುವುದಿಲ್ಲ.

ಪ್ಲಿಮತ್ ಬಾರಕುಡಾ ಬಗ್ಗೆ ಒಂದೇ ಮಾತು. ಅದು ಮಸ್ಟ್ಯಾಂಗ್‌ಗಿಂತ 16 ದಿನ ಮೊದಲು, 1964ರ ಏಪ್ರಿಲ್ 1ಕ್ಕೆ ಬಂತು. ಹಿಂದೆ ಮೀನಿನ ತೊಟ್ಟಿಯಂಥ ಭಾರೀ ಗಾಜು. ಬಾಗಿಲ ಹಿಂದೆ ಕಣ್ಣು ಹೋದರೆ ಗಾಜು ಬಿಟ್ಟು ಬೇರೇನೂ ಕಾಣದು. ವ್ಯಾಲಿಯಂಟ್ ಅನ್ನುವ ಸಾದಾ ಕಾರಿನ ಆ ಮರಿ 1970ಕ್ಕೆ ಡಿಸೈನರ್ ಜಾನ್ ಹರ್ಲಿಟ್ಜ್ ಕೈಯಲ್ಲಿ ಎಂಥ ಅಗಲ ಎದೆಯ ಕಾರಾಯಿತು ನೋಡಿ. ಅದರ ಸೋದರ ಡಾಜ್ ಚಾಲೆಂಜರ್, ಚಕ್ರದ ನಡುವೆ 2 ಇಂಚು ಉದ್ದ. ಜೊತೆಗೆ ಆ ನೇರಳೆ, ಕಿತ್ತಳೆ, ಗಿಳಿ ಹಸಿರು ಬಣ್ಣಗಳು. 1974ಕ್ಕೆ ಎರಡರದ್ದೂ ಕಥೆ ಮುಗಿಯಿತು.

ಮೂವತ್ತು ವರ್ಷ ಬಿಟ್ಟು ಕಂಪನಿಗಳು ಹಳೆ ಆಕಾರಕ್ಕೆ ವಾಪಸ್ ಬಂದವು. ಆಗ ಯಾವ ತಲೆಮಾರನ್ನು ಆರಿಸಿಕೊಂಡವು ನೋಡಿ. 2005ರ ಮಸ್ಟ್ಯಾಂಗ್ 1967ರಿಂದ 69ರ ಕಡೆ ನೋಡಿತು. 2008ರ ಚಾಲೆಂಜರ್ 1970ರದ್ದನ್ನು ನೋಡಿತು. 2010ರ ಕಮಾರೋ 1969ರ ಆ ಹಿಂದಿನ ಉಬ್ಬನ್ನೇ ಇನ್ನೂ ಉಬ್ಬಿಸಿಕೊಂಡು ಬಂತು. ನನ್ನ ಈಜುಗಾರನನ್ನು ಯಾರೂ ಕರೆಯಲಿಲ್ಲ. ಪೈಲ್ವಾನನೇ ಗೆದ್ದ. ಇರಲಿ.

ಕೊನೆಯಲ್ಲಿ ಎರಡು ಪ್ರಶ್ನೆ ಬಂದವು, ಅವನ್ನೂ ಬರೆದುಬಿಡುತ್ತೇನೆ.

ಬೆಂಗಳೂರಿನಿಂದ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ಕೇಳಿದರು: "ಅಲ್ಲಪ್ಪಾ, ನಮ್ಮ ಕಾಂಟೆಸ್ಸಾನೂ ಹೀಗೇ ಇತ್ತಲ್ಲ?"

ಇತ್ತು ಸರ್. ನೀವು ಹೇಳಿದ್ದು ಕಣ್ಣಿನ ಭ್ರಮೆ ಅಲ್ಲ. ಹಿಂದೂಸ್ತಾನ್ ಮೋಟರ್ಸ್‌ನ ಕಾಂಟೆಸ್ಸಾ ಮೂಲತಃ ಬ್ರಿಟನ್ನಿನ ವಾಕ್ಸ್‌ಹಾಲ್ ಕಾರು, ಎಪ್ಪತ್ತರ ದಶಕದ್ದು. ಆ ವಾಕ್ಸ್‌ಹಾಲ್ ಆಗ ಜನರಲ್ ಮೋಟರ್ಸ್‌ನ ಕೈಯಲ್ಲಿತ್ತು. ಡೆಟ್ರಾಯಿಟ್‌ನ ಸೊಂಟ ಇಂಗ್ಲೆಂಡಿನ ಮೇಲೆ ಹಾದು ಎಂಬತ್ತರ ದಶಕಕ್ಕೆ ನಮ್ಮ ರಸ್ತೆಗೆ ಬಂತು. ನಾಲ್ಕು ಬಾಗಿಲಿತ್ತು, ಎಂಜಿನ್ ಬಡವಾಗಿತ್ತು. ಆದರೆ ಹಿಂದಿನ ಬಾಗಿಲ ಮೇಲೆ ಏಳುವ ಆ ಗೆರೆ ನೆನಪಿದೆಯಾ? ಅದು ಇದೇ ಮನೆತನದ್ದು.

ಇನ್ನೊಬ್ಬ ಹುಡುಗ ಕೇಳಿದ: "ಸರ್, ಹಳೇದು ಒಂದು ತಗೋಬೇಕು ಅಂತಿದ್ದೀನಿ. ಏನು ನೋಡಬೇಕು?"

ಎಂಜಿನ್ ಆಮೇಲೆ ನೋಡಪ್ಪ, ಅದನ್ನು ರಿಪೇರಿ ಮಾಡಿಸಬಹುದು. ಮಿಷಿಗನ್‌ನಲ್ಲಿ ಚಳಿಗಾಲದ ರಸ್ತೆಗೆ ಸುರಿಯುವ ಉಪ್ಪು ತಗಡನ್ನು ತಿನ್ನುತ್ತದೆ. ಹಿಂದಿನ ಚಕ್ರದ ಸುತ್ತ, ಅದರ ಹಿಂದೆ ಕೆಳಗಿನ ಅಂಚಿನಲ್ಲಿ ಬಾಯಿ ಹಾಕುವುದು ಜಾಸ್ತಿ. ಮಾರುವವರು ಅಲ್ಲಿ ಪುಟ್ಟಿ ಮೆತ್ತಿ, ಮೇಲೆ ಚಂದದ ಪೇಂಟ್ ಹೊಡೆದಿರುತ್ತಾರೆ. ಫ್ರಿಜ್ ಮೇಲೆ ಅಂಟಿಸುವ ಒಂದು ಅಯಸ್ಕಾಂತ ಜೇಬಿನಲ್ಲಿ ಇಟ್ಟುಕೊಂಡು ಹೋಗು. ಪೇಂಟಿಗೆ ಗೀರು ಬೀಳದ ಹಾಗೆ ತೆಳು ಬಟ್ಟೆಯಲ್ಲಿ ಸುತ್ತಿ, ಬಾಗಿಲ ಹಿಂದಿನಿಂದ ಟೈಲ್ ಲೈಟ್‌ವರೆಗೆ ಮೆಲ್ಲಗೆ ಇಟ್ಟು ಇಟ್ಟು ನೋಡು. ಅಂಟದ ಕಡೆ ತಗಡಿಲ್ಲ, ಪುಟ್ಟಿ ಇದೆ.